ಮೊದಲು ಮಗೂನ ಕೇಳಿ

ತೊಂಬತ್ತರ ದಶಕದ ಕೊನೆ. ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಇಂಗ್ಲೆಂಡಿನ ಲೀಡ್ಸ್‌ನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿಗೆ ಡಾಕ್ಟರಾಗಿ ಸೇರಿದ್ದೆ. ಅಲ್ಲೊಬ್ಬ ಸೊಮಾಲಿ ಸಹಾಯಕಿ ಇದ್ದರು. ಮಕ್ಕಳನ್ನು ಮುಟ್ಟುವ ಮುಂಚೆ ಅಂಗೈಗಳನ್ನು ಕೋಣೆ ಕಾಯಿಸುವ ರೇಡಿಯೇಟರಿನ ಮೇಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಊಟ ತಿನ್ನಿಸಬೇಕಿರಲಿ, ಬಟ್ಟೆ ಬದಲಿಸಬೇಕಿರಲಿ, "ಮೊದಲು ಮಗೂನ ಕೇಳಿ" ಎನ್ನುವುದು ಅವರ ಮಾತು. ನಮಗದು ತಮಾಷೆ. ಬಿಸ್ಕತ್ತು ಎತ್ತಿಕೊಳ್ಳುವಾಗಲೂ ಹಾಗೆಂದು ನಗುತ್ತಿದ್ದೆವು.

ಒಂದು ಬೆಳಿಗ್ಗೆ ಜ್ವರ ಬಂದಿದ್ದ ಹುಡುಗಿಯೊಬ್ಬಳ ರಕ್ತ ತೆಗೆಯಬೇಕಿತ್ತು. ಅವಳು ಒದೆಯುತ್ತಿದ್ದಳು.

"ಕಾಲು ಅದುಮಿ ಹಿಡ್ಕೊಳ್ಳಿ," ಎಂದು ವಾರ್ಡಿನ ಸಿಸ್ಟರ್ ಈ ಸಹಾಯಕಿಗೆ ಹೇಳಿದರು.

ಇವರು ಬಗ್ಗಿ ಹುಡುಗಿಯನ್ನೇ ಕೇಳಿದರು. "ಹಿಡ್ಕೊಳ್ಳಲಾ, ಪುಟ್ಟಿ?"

"ಬೇಡ!" ಎಂದು ಅವಳು ಕಿರುಚಿದಳು.

"ಬೇಡ ಅಂತಾಳೆ," ಎಂದವರೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತರು. ಕೊನೆಗೆ ಸಿಸ್ಟರೇ ಹಿಡಿದುಕೊಂಡರು, ನಾನು ರಕ್ತ ತೆಗೆದೆ. ತೆಗೆಯಲೇಬೇಕಿತ್ತು.

ಮರುವಾರ ಇವರನ್ನು ಆಸ್ಪತ್ರೆಯ ಲಾಂಡ್ರಿಗೆ ಹಾಕಿದರು. ಹೋಗಿ ನೋಡಿದೆ. ಚಾದರ ಮಡಿಸುತ್ತಿದ್ದರು.

"ಯಾಕೆ ಹಿಡೀಲಿಲ್ಲ ಅಂತ ಸಿಸ್ಟರ್‌ಗೆ ಹೇಳಬಹುದಿತ್ತಲ್ಲ?" ಎಂದೆ.

"ಏನಂತ ಹೇಳಲಿ, ಡಾಕ್ಟರ್? ನಮ್ಮಲ್ಲಿ ಹೆಣ್ಣುಮಕ್ಕಳಿಗೂ ಸುನ್ನತಿ ಮಾಡ್ತಾರೆ. ಚಿಕ್ಕವಳಿದ್ದಾಗ ನನಗೂ ಮಾಡಿದ್ರು. ಕೊಯ್ದವಳ ಮುಖ ಮರೆತೇಹೋಗಿದೆ."

ಚಾದರದ ಅಂಚಿಗೆ ಅಂಚು ಸೇರಿಸಿ ಕೈಯಿಂದ ಸವರಿದರು.

"ಕಾಲು ಅದುಮಿ ಹಿಡ್ಕೊಂಡಿದ್ದವಳು ನಮ್ಮಮ್ಮ."