ಮಂಚದ ಕೆಳಗಿನ ಐವತ್ತು ಕೆಜಿ

ಹೋದ ತಿಂಗಳು ಒಂದು ಸುಳ್ಳು ಹೇಳಿದೆ. ಮೂರೇ ಶಬ್ದ. "ನಮ್ಮನೇಲೂ ಅಕ್ಕಿ ಇಲ್ಲ."

(ಇತ್ತು. ಮಂಚದ ಕೆಳಗೆ, ಇಪ್ಪತ್ತೈದು ಕೆಜಿಯ ಎರಡು ಚೀಲ.)

ಶಾಲೆ ಅಕ್ಕೋರಾಗಿ ಹೀಗೆ ಸುಳ್ಳು ಹೇಳಬಹುದೇ ಎಂದು ನೀವು ಕೇಳಬಹುದು. ಕೇಳಿ. ಆದರೆ ಆಗಿದ್ದನ್ನು ಪೂರ್ತಿ ಓದಿದ ಮೇಲೆ.

ಸೋಮವಾರ ಬೆಳಿಗ್ಗೆ ಕುಮಟಾ ಕಡೆ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಮಧ್ಯಾಹ್ನದೊಳಗೆ ಭಟ್ಕಳ ಕಡೆಯೂ ರಸ್ತೆ ಮೇಲೆ ನೀರು. ನಡುವೆ ಹೊನ್ನಾವರದಲ್ಲಿ ನಾವು. ಶಾಲೆಗೆ ರಜೆ, ಕೈಯಲ್ಲಿ ಮೊಬೈಲು. ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಬಂತು: 'ಹದಿನೈದು ದಿನ ಲಾರಿ ಬರೋದಿಲ್ಲ. ಬೇಕಾದ್ದು ಈಗಲೇ ತಗೊಳ್ಳಿ.' ಬರೆದವರು ಯಾರು? ಗೊತ್ತಿಲ್ಲ. ನಾನು ಕೇಳಲೂ ಇಲ್ಲ. ಕೊಡೆ ಹಿಡಿದು ಓಡಿದೆ.

ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ನನ್ನ ಮುಂದಿದ್ದವರು ಒಂದು ಚೀಲ ಕೇಳಿದರು. ನಾನು ಎರಡು ಕೇಳಿದೆ. ಹಿಂದಿದ್ದವರು ಮೂರು. ಸಂಜೆಯೊಳಗೆ ಅಂಗಡಿ ಖಾಲಿ. ನಮ್ಮ ಮನೆಯಲ್ಲಿರುವುದಾದರೂ ಎಷ್ಟು ಜನ? ಇಬ್ಬರು. ನಾನು ಮತ್ತು ನನ್ನ ಅತ್ತೆ.

ಆಟೋದಿಂದ ಚೀಲ ಇಳಿಸುವಾಗ ಅತ್ತೆ ಕೇಳಿದರು. "ಎಂತಕ್ಕೆ ಇಷ್ಟು ಅಕ್ಕಿ? ಬರ ಬಂತ?"

"ಬಂದ್ರೆ ಎಂತ ಮಾಡೂದು?" ಎಂದೆ.

ಅಕ್ಕಿ ತಂದ ಮೇಲೆ ಧೈರ್ಯ ಬರಬೇಕಿತ್ತು. ಭಯ ದುಪ್ಪಟ್ಟಾಯಿತು. ಗ್ಯಾಸ್ ಎಷ್ಟು ದಿನ ಬಂದೀತು? ಎಣ್ಣೆ? ಅತ್ತೆಯ ಬಿಪಿ ಮಾತ್ರೆ? ಚೀಲಗಳನ್ನು ಮಂಚದ ಕೆಳಗೆ ತಳ್ಳಿ ಹಳೇ ಸೀರೆ ಮುಚ್ಚಿದೆ. ಯಾರಿಂದ ಮುಚ್ಚಿಟ್ಟೆ?

ಬುಧವಾರ ಬೆಳಿಗ್ಗೆ ಗೌರಿ ಬಂದಳು. ನಮ್ಮ ಕೇರಿಯ ಕೊನೆ ಮನೆಯವಳು, ಒಣಮೀನು ಮಾರುತ್ತಾಳೆ. ಗಂಡ ಬೋಟಿಗೆ ಹೋಗುವವನು. ಮಳೆಗಾಲದಲ್ಲಿ ಬೋಟು ದಡದಲ್ಲಿ, ಅವನು ಮನೆಯಲ್ಲಿ. ರೇಷನ್ ಲಾರಿಯೂ ಕುಸಿದ ಗುಡ್ಡದ ಆಚೆ ನಿಂತಿತ್ತು.

"ಅಕ್ಕೋರೆ, ಎರಡ್ ಸೇರು ಅಕ್ಕಿ ಇದ್ರೆ ಕೊಡಿ. ರೋಡ್ ಬಿಟ್ಟ ಕೂಡ್ಲೆ ವಾಪಸ್ ಕೊಡ್ತೆ. ಮಕ್ಳಿಗೆ ನಿನ್ನೆಯಿಂದ ಬರೀ ಗಂಜಿ ತಿಳಿ."

ಆ ಮೂರು ಶಬ್ದ ಬಾಯಿಂದ ಬಂದೇ ಬಿಟ್ಟವು. ಯೋಚಿಸಿ ಹೇಳಿದ್ದಲ್ಲ. ಯೋಚಿಸದೆಯೇ ಬಂದವಲ್ಲ, ಅದನ್ನು ನೆನೆದರೆ ಈಗಲೂ ಹೆದರಿಕೆ.

"ನಿಮ್ಮನೇಲೂ ಇಲ್ವಾ?" ಗೌರಿ ನನ್ನನ್ನೇ ಕನಿಕರದಿಂದ ನೋಡಿದಳು. "ಆತು ಬಿಡಿ. ಎಂತ ಮಾಡೂದು."

ಅತ್ತೆ ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದರು. ಮಧ್ಯಾಹ್ನ ಊಟಕ್ಕೆ ಕೂತವರು "ಹಸಿವಿಲ್ಲ" ಎಂದು ತಟ್ಟೆ ಸರಿಸಿ ಎದ್ದರು.

ನಾನೊಬ್ಬಳೇ ಉಳಿದೆ. ಅನ್ನ ಕಲಸುತ್ತಲೇ ಕೂತೆ. ಗೌರಿಯ ಮನೆಯಲ್ಲಿರುವುದು ಹಸಿವು. ಎರಡು ಸೇರು ಅಕ್ಕಿ ಹೋದರೆ ಇವತ್ತಿಗೆ ತೀರುತ್ತದೆ. ಹಾಗಾದರೆ ನನ್ನ ಮನೆಯಲ್ಲಿರುವುದು ಏನು? ಕ್ಷಾಮ ಎಂದರೆ ಊರಲ್ಲಿ ಧಾನ್ಯವೇ ಇಲ್ಲದಿರುವುದು ಎಂದು ಮಕ್ಕಳಿಗೆ ಪಾಠ ಮಾಡಿದವಳು ನಾನು. ಇಟ್ಟುಕೊಂಡು ಇಲ್ಲ ಎನ್ನುವ ನನ್ನಂಥ ಮನೆಗಳು ನೂರಾದರೆ? ಕ್ಷಾಮ ಬರಲು ಗುಡ್ಡ ಕುಸಿಯುವುದೇ ಬೇಡವಲ್ಲ! (ನಿಜವಾದ ಕ್ಷಾಮ ಕಂಡವರು ನನ್ನ ಮೂರು ದಿನದ ಗಾಬರಿಗೆ ನಕ್ಕಾರು. ನಗಲಿ.)

ಕೈಚೀಲಕ್ಕೆ ನಾಲ್ಕು ಸೇರು ಸುರಿದುಕೊಂಡು ಹೊರಟೆ. 'ಈಗಷ್ಟೇ ಸಿಕ್ಕಿತು' ಅನ್ನಲೇ? ದಾರಿಯಲ್ಲೇ ಎರಡನೇ ಸುಳ್ಳು ತಯಾರಾಗುತ್ತಿತ್ತು.

ಗೌರಿಯ ಒಲೆ ಮೇಲೆ ಅನ್ನ ಕುದಿಯುತ್ತಿತ್ತು. ಮಕ್ಕಳು ಒಲೆ ಬಿಟ್ಟು ಕದಲುತ್ತಿರಲಿಲ್ಲ.

"ಕೂಲಿಗೆ ಹೋಗೂ ಮಾದೇವಿ ಕೊಟ್ಲು ಅಕ್ಕೋರೆ. ಅವ್ಳ ಮನೇಲಿ ಇದ್ದದ್ದೇ ಮೂರ್ ಸೇರು. ಎರಡು ನಂಗೆ ಕೊಟ್ಲು."

ನಾನು ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದಳು. "ನಿಮ್ಮನೆಗೇ ಹೊರಟಿದ್ದೆ. ಅರ್ಧ ಸೇರು ತೆಗ್ದಿಟ್ಟಿದ್ದೆ. ಮನೇಲಿ ವಯಸ್ಸಾದವ್ರು ಇದ್ರಲ್ಲ."

ಆಮೇಲೆ ಸುಳ್ಳು ಬರಲಿಲ್ಲ. ಎಲ್ಲ ಹೇಳಿಬಿಟ್ಟೆ. ಗೌರಿ ಬೈಯಲಿಲ್ಲ. ನನ್ನ ಕೈಚೀಲ ತೆಗೆದುಕೊಂಡು, ಮಾದೇವಿಗೆ ವಾಪಸ್ ಕೊಡಬೇಕಾದ ಎರಡು ಸೇರನ್ನು ಅದರಿಂದ ಬೇರೆ ಪಾತ್ರೆಗೆ ಸುರಿದಳು. "ಹೆದ್ರಿಕೆ ಎಲ್ರಿಗೂ ಆತದೆ ಅಕ್ಕೋರೆ," ಎಂದಳು. ನನ್ನ ಮುಖ ನೋಡಿ ಹೇಳಲಿಲ್ಲ.

ಶುಕ್ರವಾರ ರಸ್ತೆ ತೆರೆಯಿತು. ಲಾರಿಗಳು ಬಂದವು. ಅಂಗಡಿಯಲ್ಲಿ ಈಗ ಬೇಕಾದಷ್ಟು ಅಕ್ಕಿ. ಗೌರಿ ನಮ್ಮ ಗೇಟಿನ ಮುಂದೆ ಹಾಯುವಾಗ ನಗುತ್ತಾಳೆ, ನಿಲ್ಲುವುದಿಲ್ಲ. ಏನಾದರೂ ಬೇಕಾದರೆ ಮಾದೇವಿಯ ಮನೆಗೇ ಹೋಗುತ್ತಾಳೆ.

ಇನ್ನೊಂದು ಮಳೆಗಾಲದಲ್ಲಿ ನನ್ನ ಮನೆಯಲ್ಲೇ ಅಕ್ಕಿ ಮುಗಿದರೆ, ನಾನು ಯಾರ ಬಾಗಿಲು ತಟ್ಟಲಿ?