ಪಿಯಾನೋ ಆಂಟಿ ಒಪ್ಪದ ಸಾಲು

ಪಿಯಾನೋ ಆಂಟಿಯ ಕಿವಿಯಲ್ಲಿ ಓಲೆಯ ತೂತು ಕೂಡ ಇರಲಿಲ್ಲ. ಕೊರಳು ಬೋಳು, ಕೈ ಬೋಳು. ಸಿಂಗಪುರದ ಪುಂಗೋಲ್‌ನ ನಮ್ಮ ಮನೆಗೆ ಬಂದಿದ್ದ ನಮ್ಮತ್ತೆ ಅವರನ್ನು ಲಿಫ್ಟಿನಲ್ಲಿ ನೋಡಿ, "ಅಯ್ಯೋ ಪಾಪ, ಗಂಡ ಇಲ್ವಾ?" ಎಂದುಬಿಟ್ಟರು. ಗಂಡ ಪಕ್ಕದಲ್ಲೇ ನಿಂತಿದ್ದರು! ಆಂಟಿ ಜೋರಾಗಿ ನಕ್ಕು, "ನಾವು ಅಡ್ವೆಂಟಿಸ್ಟ್ ಚರ್ಚಿನವರು, ಒಡವೆ ಹಾಕಲ್ಲ" ಎಂದರು.

ಪಕ್ಕದ ಮನೆಯವರು, ಮೂಲ ಹುಬ್ಬಳ್ಳಿ. ನನಗೆ ಪಿಯಾನೋ ಕಲಿಸಿದವರು. ಶುಕ್ರವಾರ ಸೂರ್ಯ ಮುಳುಗಿದರೆ ಅವರಿಗೆ ಸಬ್ಬತ್, ಅಂದರೆ ದೇವರಿಗೆ ಮೀಸಲಾದ ದಿನ, ಶುರು. ನಾನು ಸಿನಿಮಾ ಹಾಡಿನ ಅರ್ಧದಲ್ಲಿದ್ದರೂ ನಿಲ್ಲಿಸುತ್ತಿದ್ದರು. ಶನಿವಾರ ಸಂಜೆಯವರೆಗೆ ಸ್ತುತಿಗೀತೆ ಮಾತ್ರ, ಅದೂ ಡ್ರಮ್ಸ್ ಇಲ್ಲದೆ. "ಕಾಲು ಕುಣಿದ್ರೆ ಪದದ ಮೇಲೆ ಗಮನ ಇರುತ್ತಾ? ಮೊದಲು ಪದ ನಿಜ ಇರ್ಬೇಕು, ರಾಗ ಆಮೇಲೆ" ಎನ್ನುವರು. ನನಗೆ ಇದೆಲ್ಲ ಅತಿ ಎನಿಸುತ್ತಿತ್ತು.

ಟುವಾಸ್‌ನ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ ಆಂಟಿಯ ಗಂಡ ಇದ್ದಕ್ಕಿದ್ದಂತೆ ಹೃದಯಾಘಾತದಿಂದ ಹೋದರು. ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ಜಾಗದಲ್ಲಿ, ಅವರನ್ನು ಮಲಗಿಸಿದ್ದರು. ಒಬ್ಬಳೇ ಮಗಳು ತಾನೇ ಬರೆದ ಹಾಡು ತಂದಳು. ಅಪ್ಪ ಸ್ವರ್ಗದಿಂದ ನಮ್ಮನ್ನು ನೋಡುತ್ತಿದ್ದಾರೆ ಎಂದು ಅದರಲ್ಲಿತ್ತು. ಆಂಟಿ ಕೀಬೋರ್ಡಿನಿಂದ ಕೈ ತೆಗೆದರು.

"ಇದನ್ನ ನುಡಿಸೋಕಾಗಲ್ಲ ಪುಟ್ಟಾ. ಅಪ್ಪ ನೋಡ್ತಿಲ್ಲ. ಯೇಸು ಬಂದು ಎಬ್ಬಿಸೋ ತನಕ ನಿದ್ದೆ ಮಾಡ್ತಾರೆ."

"ಒಂದ್ ಲೈನ್ ಅಷ್ಟೇ ಲಾ, ಅಮ್ಮಾ! ಇವತ್ತಾದ್ರೂ ಬಿಡು!"

ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಸತ್ತ ಹಿರಿಯರು ಕಾಗೆಯಾಗಿ ಬಂದು ಪಿಂಡ ಮುಟ್ಟುತ್ತಾರೆಂದು ನಂಬಿ ಬೆಳೆದವಳು ನಾನು. ನನಗೆ ಮೈಯುರಿದುಹೋಯಿತು. "ಏನಾಂಟಿ, ಕಲ್ಲು ಮನಸ್ಸಾ ನಿಮ್ದು?" ಎಂದೇಬಿಟ್ಟೆ.

ಆಂಟಿ ನನ್ನ ಕಡೆ ತಿರುಗಲಿಲ್ಲ. ಮಗಳ ಮುಖ ಒರೆಸಿದರು. "ಮೇಲಿಂದ ನೋಡ್ತಿದ್ರೆ, ನೀನು ಹೀಗೆ ಅಳೋದನ್ನೂ ನೋಡ್ಬೇಕಲ್ಲೇ? ಬಂದು ಸಮಾಧಾನ ಮಾಡೋಕೂ ಆಗದೆ? ಬೇಡ. ಮಲಗ್ಲಿ ಬಿಡು."

ಹುಡುಗಿ ಹಾಡಿನ ಹಾಳೆ ಮಡಚಿದಳು. ಆಮೇಲೆ ಕೇಳಿದಳು, "ಹಾಗಾದ್ರೆ ಜೋಗುಳ ಹಾಡ್ಲಾ? ಅಪ್ಪ ನಂಗೆ ಹಾಡ್ತಿದ್ರಲ್ಲ, ಅದು?"

"ಹಾಡು. ಅದ್ರಲ್ಲಿ ಸುಳ್ಳಿಲ್ಲ."

ಸಿಂಗಪುರದ ಉಚ್ಚಾರದ ಹರುಕುಮುರುಕು ಕನ್ನಡದಲ್ಲಿ ಅವಳು ಹಾಡಿದಳು, ಆಂಟಿ ನುಡಿಸಿದರು. ಚರ್ಚಿನ ಚೀನೀ ಹಿರಿಯರು ಒಂದಕ್ಷರ ಅರ್ಥವಾಗದಿದ್ದರೂ ತಲೆ ತಗ್ಗಿಸಿ ಕೂತಿದ್ದರು. ಹಾಡು ಮುಗಿದ ಮೇಲೆ ನಾನು ಆಂಟಿಯ ಕೈ ಹಿಡಿದು ಅತ್ತುಬಿಟ್ಟೆ.

ಹೋದ ವರ್ಷ ಆಂಟಿಯೂ ತೀರಿಕೊಂಡರು. ಮಗಳು ಅದೇ ಜೋಗುಳ ಹಾಡಲು ನಿಂತು, ನುಡಿಸಲು ನನ್ನನ್ನು ಕರೆದಳು. ಅವರ ನಂಬಿಕೆ ನನ್ನದಾಗಿಲ್ಲ, ಆಗುವುದೂ ಇಲ್ಲ. ಆದರೂ ಅವತ್ತು, ಎಲ್ಲಿ ಆಂಟಿಗೆ ಎಚ್ಚರವಾಗಿಬಿಡುತ್ತದೋ ಎಂದು, ಆದಷ್ಟೂ ಮೆತ್ತಗೆ ನುಡಿಸಿದೆ.