ಡಿಕ್ಕಿಯಲ್ಲಿ ಬಂದ ಘಟ್ಟ

ಸ್ನೇಹಿತರೇ, ಕಡಲು, ಕೆರೆ, ಘಟ್ಟ ಎಲ್ಲ ತೋರಿಸಿ ಅವ್ವನನ್ನು ಇವತ್ತು ಬೆಳಿಗ್ಗೆ ನಮ್ಮೂರು ದೊಡ್ಡಉಳ್ಳಾರ್ತಿಗೆ ವಾಪಸ್ ಕರೆತಂದೆ. ಕಾರಿನ ಡಿಕ್ಕಿ ತೆಗೆದರೆ ಒಂದು ಚೀಲ ಹಸಿ ಹುಲ್ಲು!

ನಿನ್ನೆ ವಾಪಸ್ ಬರುವಾಗ ಘಟ್ಟದ ಮೇಲೆ ನಿಂತು ಅವ್ವ ಕೇಳಿದ್ದಳು: "ಇಷ್ಟೊಂದು ಹುಲ್ಲೈತೆ, ಒಂದು ಕುರೀನೂ ಕಾಣಲ್ಲ. ಇಲ್ಲಿ ಜನ ಬಂದು ಏನ್ ಮಾಡ್ತಾರೋ?"

"ಫೋಟೋ ತೆಗೀತಾರವ್ವ."

ನಾನು ಫೋಟೋ ತೆಗೆಯುತ್ತಿದ್ದಾಗ ಅವಳು ಹುಲ್ಲು ಕಿತ್ತಿದ್ದಾಳೆ. ಹೊಸ ಕಾರಿನ ಡಿಕ್ಕಿಯೆಲ್ಲ ಕೆಸರು. ನಾನು ರೇಗಿದರೂ ಕಿವಿಗೆ ಹಾಕಿಕೊಳ್ಳದೆ ಚೀಲವನ್ನು ತನ್ನ ಟಗರಿನ ಮುಂದೆ ಸುರಿದಳು. ನಮ್ಮ ಬಯಲುಸೀಮೆಯ ಕಾವಲಿನ ಒಣಹುಲ್ಲು ತಿಂದು ಬೆಳೆದ ಟಗರು ಒಮ್ಮೆ ಮೂಸಿ ಮುಖ ತಿರುಗಿಸಿತು.

ಟಗರಿನ ಮೇಲಿನ ಸಿಟ್ಟನ್ನು ಅವ್ವ ನನ್ನ ಮೇಲೆ ತೀರಿಸಿಕೊಂಡಳು: "ಬರೀ ನೋಡಾಕೆ ಚೆಂದ ಇರೋ ಜಾಗಕ್ಕೆ ಯಾಕೋ ಕರ್ಕೊಂಡ್ ಹೋಗಿದ್ದೆ?"

ಮುಂದಿನ ಸಲ ಎಲ್ಲಿಗೆ ಹೋಗಬೇಕೆಂದು ಟಗರನ್ನೇ ಕೇಳುತ್ತೇನೆ.